ಸುಗಲಮ್ಮ ಕೇಳಿದ ಪ್ರಶ್ನೆ

ಆಗ ನನಗೆ ಅರವತ್ತೆರಡು. ಮೂರು ವರ್ಷದ ಹಿಂದಿನ ಮಾತು. ಎಳ್ಳ ಅಮಾಸಿ, ನಮ್ಮ ಎಳ್ಳಮಾಸಿ ಮುಂದೆ ಸುರುವಾಗಿ ಶಿವರಾತ್ರಿಗೆ ಮುಗಿದ ಒಂದು ಚಳಿಗಾಲ. ನನ್ನ ನೆಗೆಣ್ಣಿ ಸುಗಲಮ್ಮ ನಮ್ಮ ಮೈದುನನ್ನ ಮಾಡಿಕೊಂಡು ಬಂದು ಮೂವತ್ತು ವರ್ಷ ಆಗಿತ್ತು. ಆ ಮೂವತ್ತು ವರ್ಷದ ಹೊಟ್ಟೆಕಿಚ್ಚು ಒಂದು ಕಡೆ ಇಟ್ಟರೂ ಆ ಚಳಿಗಾಲದ್ದೇ ತೂಕ ಹೆಚ್ಚಾಗತದ.

ಮೊನ್ನೆ ಕಣ್ಣು ತೋರಿಸಲಿಕ್ಕೆ ಸೇಡಂಗೆ ಹೋಗಿದ್ದೆ. ದವಾಖಾನಿ ಬಾಗಿಲದಾಗ ಒಬ್ಬಾಕಿ ಎಲ್ಲರ ಕೈಗೂ ಸ್ಪಿರಿಟ್ ಹಾಕತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಹಾಲ್, ಸುತ್ತ ಇಟ್ಟ ಕುರ್ಚಿ, ಗ್ವಾಡಿಗೆ ಅಂಟಿಸಿದ ದೊಡ್ಡ ದೊಡ್ಡ ಕಾಗದ, ಅದರ ಮುಂದೆ ಹಸಿರು ಸೀರಿ ಉಟ್ಟು ನಿಂತ ಸುಗಲಮ್ಮ, ಎಲ್ಲಾ ಒಮ್ಮೆಲೆ ಬಂತು. ಹೊಟ್ಟೆ ಈಗಲೂ ಸ್ವಲ್ಪ ಉರೀತು.

ನಮ್ಮದು ರಾವೂರ ಕಡೆ ಊರು. ಊರ ಸುತ್ತ ನೆಲಕ್ಕ ಹಾಸೋ ಪರಸಿ ಕಲ್ಲಿನ ಖಣಿ. ನಾನು, ನಮ್ಮಾತ ಇಬ್ಬರೂ ಖಣಿಯಾಗೇ ದುಡಿದವರು. ಆತ ಕಲ್ಲು ಎಬ್ಬಿಸೋದು, ನಾನು ಹೊರೋದು. ಸುಗಲಮ್ಮ ಏಳನೇತ್ತೆ ಓದಿದಾಕಿ. ಆಕೆನೂ ಖಣಿಗೆ ಬರತಿದ್ದಳು, ಆದರ ಗಾಡಿಗೆ ಚೀಟಿ ಬರೆಯೋ ಕೆಲಸಕ್ಕ. ಅದೂ ನೆರಳಾಗ ಕುಂತು. ನಾನು ಅಕ್ಷರ ಕೂಡಿಸಲಿಕ್ಕೆ ಕಲಿತದ್ದು ಐವತ್ತು ದಾಟಿದ ಮ್ಯಾಲ, ಕಲಿಸಿದಾಕಿನೂ ಆಕೆನೇ. ಇದನ್ನ ನಾನು ಯಾರಿಗೂ ಹೇಳಂಗಿಲ್ಲ. ಬರೀಲಿಕ್ಕೆ ಕುಂತ ಮ್ಯಾಲ ಮುಚ್ಚಿಟ್ಟು ಏನು ಮಾಡೋದು ಅಂತ ಹೇಳಿದೆ.

ಎಳ್ಳಮಾಸಿಗೆ ಎಂಟು ದಿನ ಇತ್ತು. ನಾನು ಕಟ್ಟಿ ಮ್ಯಾಲ ಜೋಳ ಹಸನ ಮಾಡತಿದ್ದೆ. ನಮ್ಮೂರ ಆಶಾ ಕಾರ್ಯಕರ್ತೆ ಲಕ್ಷ್ಮಿ ಬಂದಳು.

“ದ್ಯಾವಮ್ಮ ಆಯಿ, ವಾಡಿಯಾಗ ಮೀಟಿಂಗ್ ಅದ. ಕಲಬುರ್ಗಿಯಿಂದ ಡಾಕ್ಟರ್ ಮಂದಿ ಬರಾಕತ್ತಾರ. ನೀವು ಬರಬೇಕು.”

“ಸೂಜಿ ಚುಚ್ಚತಾರೇನು?”

“ಸೂಜಿ ಇಲ್ರಿ. ಪ್ರಶ್ನೆ ಕೇಳೋದದ.”

“ನನಗೇನು ಕೇಳತಾರ? ನನಗೇನು ಗೊತ್ತು?”

“ಅವರು ಕೇಳಂಗಿಲ್ರಿ ಆಯಿ. ನೀವು ಕೇಳಬೇಕು. ಅವರು ಬರಕೋತಾರ.”

ಡಾಕ್ಟರ್ ಸುಮ್ಮನೆ ಕೂಡೋದು, ನಾವು ಕೇಳೋದು, ಇದು ಯಾವ ದೇಶದ ಪದ್ಧತಿ ಅಂತ ನಕ್ಕೆ. ಲಕ್ಷ್ಮಿ ಕುಂತು ಬಿಡಿಸಿ ಹೇಳಿದಳು. ಮನುಷ್ಯ ಬಿದ್ದಾಗ, ಎದಿ ಹಿಡಿದಾಗ, ಹಾವು ಕಡಿದಾಗ, ಹೆರಿಗಿ ಬ್ಯಾನಿ ಎದ್ದಾಗ, ದವಾಖಾನಿ ಮುಟ್ಟೂ ತನಕ ನಡುವಿನ ಹೊತ್ತಿನಾಗ ಏನಾಗತದ, ಏನು ಮಾಡಿದರ ಉಳೀತಾರ, ಅಂಬುಲೆನ್ಸ್ ಹೆಂಗ ಬರಬೇಕು ಅನ್ನೋದರ ಮ್ಯಾಲ ಸಂಶೋಧನೆ ಮಾಡತಾರಂತ. ಎಲ್ಲಾ ಪ್ರಶ್ನೆಗೂ ಒಮ್ಮೆಲೆ ಉತ್ತರ ಹುಡುಕಲಿಕ್ಕೆ ಆಗಂಗಿಲ್ಲ. ಯಾವುದು ಮೊದಲು, ಯಾವುದು ಆಮ್ಯಾಲ ಅನ್ನೋದನ್ನ ಡಾಕ್ಟರ್ ಅಷ್ಟೇ ಅಲ್ಲ, ಅನುಭವಿಸಿದವರೂ ಹೇಳಬೇಕಂತ. ವಾಡಿ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಸುತ್ತಿ ಕೇಳಿ, ಕಡೀಗೆ ಸೇಡಂದಾಗ ಎಲ್ಲರೂ ಕೂಡಿ ಹತ್ತು ಪ್ರಶ್ನೆ ಆರಿಸೋದು.

“ನಿಮ್ಮ ಮನಿಯಾಗ ಆಗಿದ್ದು ಎಲ್ಲರಿಗೂ ಗೊತ್ತದಲ್ರಿ. ಅದಕ್ಕ ನಿಮ್ಮ ಹೆಸರು ಬರಸೀನಿ” ಅಂದಳು.

ನನ್ನ ಹೆಸರು. ಅರವತ್ತೆರಡು ವರ್ಷದಾಗ ನನ್ನ ಹೆಸರು ರೇಷನ್ ಕಾರ್ಡ್ ಬಿಟ್ಟು ಮತ್ತೊಂದು ಕಡೆ ಬರಸಿದ್ದು ಅದೇ ಮೊದಲು. ಸಂತೋಷ ಗಂಟಲ ತನಕ ಬಂತು. ಅಷ್ಟರಾಗ ಬಾಜೂ ಮನಿಯಿಂದ ಸುಗಲಮ್ಮ ಕೈ ಒರೆಸಿಕೋತ ಬಂದು, “ಲಕ್ಷ್ಮಿ, ನಾನೂ ಬರಲೇನು?” ಅಂದಳು.

“ಬರ್ರಿ ಚಿಗವ್ವ, ಯಾಕ ಬ್ಯಾಡ.”

ಸಂತೋಷ ಅಲ್ಲೇ ಇಳೀತು.

ವಾಡಿ ಮೀಟಿಂಗಿಗೆ ಇಪ್ಪತ್ತು ಮಂದಿ ಬಂದಿದ್ದರು. ಬಾಗಿಲದಾಗೇ ಕೈಗೆ ಸ್ಪಿರಿಟ್ ಹಾಕಿದರು, ಕೊರಳಿಗೆ ಹೆಸರಿನ ಚೀಟಿ ಹಾಕಿದರು. ನಡೆಸಿಕೊಟ್ಟಾಕಿ ಒಬ್ಬ ಡಾಕ್ಟರ್ ಮೇಡಂ, ಸಣ್ಣ ವಯಸ್ಸು, ನೆಲದ ಮ್ಯಾಲ ನಮ್ಮ ಜೋಡಿ ಕುಂತಳು. ನನ್ನನ್ನೇ ಮೊದಲು ಕೇಳಿದಳು. ನಾನು ಎದ್ದು ನಿಂತೆ. ಬಾಯಿಗೆ ಬಂದದ್ದು ಇಷ್ಟೇ: “ಪೆಟ್ಟಾದವರನ್ನ ನಾವು ಕೌದಿಯಾಗ ಹಾಕಿ ಎತ್ತತೀವ್ರಿ. ಕೌದಿ ನಡುವ ಜಗ್ಗತದ. ಅದರಿಂದ ಮುರಿದದ್ದು ಇನ್ನೂ ಮುರಿತದೇನು?”

ಮೇಡಂ ಬರಕೊಂಡಳು. ಛಲೋ ಪ್ರಶ್ನೆ ಅಂದಳು. ಎಲ್ಲರಿಗೂ ಹಂಗೇ ಅಂದಳು.

ಆಮ್ಯಾಲ ಸುಗಲಮ್ಮ ಎದ್ದಳು. ಸೆರಗು ಸರಿ ಮಾಡಿಕೊಂಡು ಹೇಳಲಿಕ್ಕೆ ಸುರು ಮಾಡಿದಳು. ಹೇಳಿದ್ದು ಏನು? ನನ್ನ ಗಂಡ ಸತ್ತದ್ದು.

ಅದಕ್ಕ ನಾಲ್ಕು ವರ್ಷ ಹಿಂದೆ ಎಬ್ಬಿಸಿದ ಪರಸಿ ಜಾರಿ ನಮ್ಮಾತನ ತೊಡಿ ಮ್ಯಾಲ ಬಿದ್ದಿತ್ತು. ಸುಗಲಮ್ಮನೇ ಮ್ಯಾಲ ದಿಬ್ಬಕ್ಕ ಓಡಿ ಹೋಗಿ, ನೆಟ್‌ವರ್ಕ್ ಸಿಗೂ ಜಾಗದಾಗ ನಿಂತು ಅಂಬುಲೆನ್ಸ್‌ಗೆ ಫೋನ್ ಹಚ್ಚಿದಾಕಿ. ಅವರು ಪೇಶಂಟ್ ಹೆಸರು ಕೇಳಿದರಂತ. ಭಾವನ ಹೆಸರು ಹೆಂಗ ಹೇಳೋದು ಅಂತ ಈಕೆ ತಡವರಿಸಿ “ದ್ಯಾವಮ್ಮನ ಗಂಡ ಅಂತ ಬರಕೋರಿ” ಅಂದಳಂತ. ಹಾಲ್‌ದಾಗ ಎಲ್ಲರೂ ನಕ್ಕರು. ನಗಿಸಿ ಆಮ್ಯಾಲ ಅಳಿಸಿದಳು. ಫೋನ್ ಹಚ್ಚಿ ಕೆಳಗ ಇಳಿದು ಬಂದರ ಮಂದಿ ಆಗಲೇ ಭಾವನ್ನ ಟಂಟಂ ಆಟೋದಾಗ ಹಾಕಲಿಕತ್ತಿದ್ದರು. “ತಡೀರಿ, ಗಾಡಿ ಬರಲಿಕತ್ತದ ಅಂತ ನಾ ಅಂದೆ. ಯಾರೂ ಕೇಳಲಿಲ್ಲ. ಹೋಗಿಬಿಟ್ಟರು. ಮತ್ತ ಫೋನ್ ಹಚ್ಚಿದೆ, ಹತ್ತಲಿಲ್ಲ. ನಾ ಒಬ್ಬಾಕಿ ರಕ್ತ ಬಿದ್ದ ಕಲ್ಲಿನ ಬಲ್ಲಿ ನಿಂತೆ. ಗಾಡಿ ಬಂತ್ರಿ. ಬೇಗನೇ ಬಂತು. ಇಳಿದವರು ಪೇಶಂಟ್ ಎಲ್ಲಿ ಅಂದರು. ನಾ ಕಲ್ಲು ತೋರಿಸಿದೆ.”

ಬಾಗಿಲ ಬಲ್ಲಿ ಕುಂತ ಮುದುಕ ಮೂಗು ಒರಸಿಕೊಂಡ.

“ನನ್ನನ್ನ ಕೂಡಿಸಿಕೊಂಡು ಗಾಡಿ ಹೊಳ್ಳಿಸಿದರು” ಅಂತ ಸುಗಲಮ್ಮ ಮುಂದುವರಿಸಿದಳು. “ಒಳಗ ಹಾಸಿಗಿ ಹಾಸಿತ್ತು. ಖಾಲಿ ಹಾಸಿಗಿ. ನಾ ಬಾಜೂ ಪಟ್ಟಿ ಮ್ಯಾಲ ಕುಂತು ಅದನ್ನೇ ನೋಡಕೋತ ಹೋದೆ. ದವಾಖಾನಿ ಮುಟ್ಟೂದರಾಗ ಭಾವ ಹೋಗಿದ್ದರು. ನನ್ನ ಪ್ರಶ್ನೆ ಇಷ್ಟೇ ನೋಡ್ರಿ. ಇಂಥಾ ಹೊತ್ತಿನಾಗ ಕಾಯಬೇಕೋ, ಸಿಕ್ಕ ಗಾಡಿಯಾಗ ಹೊಂಡಬೇಕೋ?”

ಮೇಡಂ ಪೆನ್ನು ಕೆಳಗ ಇಟ್ಟಳು. ಬರೀಲಿಕ್ಕೂ ಮರೆತಿದ್ದಳು. ನನ್ನ ಪ್ರಶ್ನೆಗೆ ಮರೆತಿರಲಿಲ್ಲ.

ನಾನು ಅಳಲಿಲ್ಲ. ನನಗೆ ಅಳು ಬರಲಿಲ್ಲ, ಉರಿ ಬಂತು. ಸತ್ತಾತ ನನ್ನ ಗಂಡ. ತಾಳಿ ತಗದದ್ದು ನಾನು. ನನ್ನಕಿಂತ ಛಂದ ಅತ್ತು ತೋರಿಸಿದಾಕಿ ಆಕೆ. ಆಕೆಯ ಗಂಡ ಮನಿಯಾಗ ಗಟ್ಟಿ ಇದ್ದಾನ, ಎಮ್ಮಿ ಹಿಂಡಲಿಕತ್ತಾನ. ಇನ್ನ ಆ ಗಾಡಿ. ನಮ್ಮಾತ ಮಲಗಬೇಕಾಗಿದ್ದ ಗಾಡಿಯಾಗ ಕುಂತು ಬಂದಾಕಿನೂ ಆಕೆನೇ. ನಾನು ಇವತ್ತಿನ ತನಕ ಅಂಬುಲೆನ್ಸ್ ಒಳಗ ಕಾಲಿಟ್ಟಿಲ್ಲ. ಫೋಟೊ ತಗೆಯುವಾಗ ಆಕೆಯನ್ನ ನಡುವ ನಿಲ್ಲಿಸಿದರು. ನಾನು ಕಡೀಗೆ, ಕಂಬದ ಬಲ್ಲಿ.

ಆದರ ಆಕೆಗೆ ಗೊತ್ತಿದ್ದದ್ದು ಅರ್ಧ. ಉಳಿದ ಅರ್ಧ ನನ್ನ ಬಲ್ಲಿ ಇತ್ತು. ಅದನ್ನ ಇಲ್ಲೇ ಹೇಳಿಬಿಡತೀನಿ.

“ಹಾಕ್ರಿ ಟಂಟಂದಾಗ” ಅಂತ ಒದರಿದಾಕಿ ನಾನೇ. ಖಣಿಯಾಗ ಬಿದ್ದವನನ್ನ ನೆಲದ ಮ್ಯಾಲ ಬಿಡೋದು ನಮ್ಮಲ್ಲಿ ಇಲ್ಲ. ಹತ್ತು ಮಂದಿ ಎತ್ತಬೇಕು, ಮೊದಲು ಸಿಕ್ಕ ಗಾಡಿಗೆ ಹಾಕಬೇಕು. ಕಾಯೋದು ಅಂದರ ಕೈಚೆಲ್ಲಿದಂಗ. ಸುಗಲಮ್ಮ “ತಡಿ ಅಕ್ಕ” ಅಂದಾಗ ನಾನು ಏನಂದೆ? “ನಿನಗೇನು, ನಿನ್ನ ಗಂಡ ಗಟ್ಟಿ ಇದ್ದಾನ” ಅಂದೆ. ಈ ಮಾತು ಆಕೆ ವಾಡಿಯಾಗ ಹೇಳಲಿಲ್ಲ. ಯಾರೂ ಕೇಳಲಿಲ್ಲ ಅಂತ ಅಷ್ಟೇ ಹೇಳಿದಳು. ಅದೂ ನನಗೆ ಸೇರಲಿಲ್ಲ.

ಟಂಟಂ ಹೊಡೆಯೋನು ಮೈಬೂಬ, ನಮ್ಮೂರವನೇ. ಟಂಟಂದಾಗ ನಾವು ಮೂವರೇ. ಅವನ ಫೋನ್ ಮನಿಯಾಗ ಚಾರ್ಜಿಗೆ ಇತ್ತು, ನನ್ನ ಬಲ್ಲಿ ಫೋನ್ ಇರಲಿಲ್ಲ. ವಾಡಿ ಈಚೆ ರೈಲ್ವೆ ಗೇಟ್ ಬಿದ್ದಿತ್ತು. ಕಲ್ಲಿದ್ದಲು ಗಾಡಿ, ಡಬ್ಬಿ ಮುಗಿಯೋದೇ ಇಲ್ಲ. ನಾನು ನಮ್ಮಾತನ ತಲೆ ತೊಡಿ ಮ್ಯಾಲ ಇಟ್ಟುಕೊಂಡು ಕುಂತಿದ್ದೆ. ಡಬ್ಬಿಗೂ ಡಬ್ಬಿಗೂ ನಡುವ ಸಂದಿಯಾಗ ಆಚೆ ಕಡೆ ಒಂದು ಬಿಳಿ ಗಾಡಿ ಕಂಡಿತು. ಮ್ಯಾಲ ದೀಪ ತಿರಗಲಿಕತ್ತಿತ್ತು. ಕಂಡಿತು, ಮುಚ್ಚಿತು, ಕಂಡಿತು, ಮುಚ್ಚಿತು.

ಸುಗಲಮ್ಮ ಗಾಡಿ ಬರಲಿಕತ್ತದ ಅಂದದ್ದು ಕಿವಿಯಾಗ ಇತ್ತು. ಆದರೂ ಅದು ನಮ್ಮದು ಅಂತ ನನಗೆ ಹೊಳೀಲಿಲ್ಲ. ಬರತೀನಿ ಅಂದವರು ಖರೇನ ಬಂದದ್ದನ್ನ ನಾನು ಅಲ್ಲಿ ತನಕ ಕಂಡಿರಲಿಲ್ಲ. ಯಾರೋ ದೊಡ್ಡವರ ಮನಿಯಾಗ ಏನೋ ಆಗ್ಯಾದ ಅಂದುಕೊಂಡೆ. ಗೇಟ್ ಎದ್ದಿತು. ಬಿಳಿ ಗಾಡಿ ಒದರಿಕೋತ ಎದುರಿಗೆ ಬಂತು. ಮೈಬೂಬ ಟಂಟಂ ಬಾಜೂಕ ತಗದು ನಿಲ್ಲಿಸಿದ. “ಪಾಪ, ಯಾರದೋ ಏನೋ” ಅಂದ. ನಾನು ಕೈ ಮುಗಿದೆ. ಗಾಡಿ ಭರ್ರನೆ ಹೋಯ್ತು.

ನಮ್ಮ ಗಾಡಿಗೆ ನಾವೇ ದಾರಿ ಬಿಟ್ಟು ಕೈ ಮುಗಿದಿದ್ದೆವು. ಅದು ತಿಳಿದದ್ದು ದವಾಖಾನಿಯಾಗ, ಸುಗಲಮ್ಮ ಅದೇ ಗಾಡಿಯಿಂದ ಇಳಿದು ಬಂದಾಗ. ಮೈಬೂಬ ನನ್ನ ಮಾರಿ ನೋಡಿದ, ನಾನು ಅವನ ಮಾರಿ ನೋಡಿದೆ. ಇಬ್ಬರೂ ಬಾಯಿ ಬಿಡಲಿಲ್ಲ. ಒಂದು ವರ್ಷ ಆದಮ್ಯಾಲ ಅವನು ಟಂಟಂ ಮಾರಿ ಹೈದರಾಬಾದಿಗೆ ಹೋದ. ಆಮ್ಯಾಲ ಆ ಮಾತು ನನ್ನೊಬ್ಬಾಕಿ ಬಲ್ಲಿ ಉಳೀತು.

ವಾಡಿಯಾಗ ನಾನು ಅದನ್ನ ಹೇಳಬಹುದಿತ್ತು. ಹೇಳಿದರ ಸುಗಲಮ್ಮನ ಪ್ರಶ್ನೆಗೆ ಇನ್ನೂ ಬಲ ಬರತಿತ್ತು. ಅದಕ್ಕೇ ಹೇಳಲಿಲ್ಲ.

ಎಳ್ಳಮಾಸಿ ದಿನ ಹೊಲಕ್ಕ ಹೋದೆವು. ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ, ಭೂಮಿತಾಯಿಗೆ ಚರಗ ಚೆಲ್ಲೋದು ಎಲ್ಲಾ ಆಯ್ತು. ಉಣ್ಣುವಾಗ ಸುಗಲಮ್ಮನ ಫೋನ್ ರಿಂಗಾಯ್ತು. ಡಾಕ್ಟರ್ ಮೇಡಂ. ಶಹಾಬಾದಿಗೂ ಚಿಂಚೋಳಿಗೂ ನಮ್ಮ ಜೋಡಿ ಜೀಪಿನಾಗ ಬರತೀರೇನು, ನೀವು ಮಾತಾಡಿದರ ಉಳಿದ ಹೆಣ್ಣುಮಕ್ಕಳಿಗೆ ಧೈರ್ಯ ಬರತದ ಅಂತ.

“ಅಕ್ಕ, ಹೋಗಲೇನು?” ಅಂತ ನನ್ನನ್ನೇ ಕೇಳಿದಳು.

“ನನ್ನನ್ನ ಯಾಕ ಕೇಳತಿ? ಜೀಪ್ ನನ್ನದೇನು?” ಅಂದೆ.

ಹೋದಳು. ಜೀಪಿನಾಗ ಹೋದಳು. ಸಂಜಿಗೆ ಬಂದು ನನ್ನ ಕಟ್ಟಿ ಮ್ಯಾಲ ಕುಂತು ಹೇಳಿದ್ದೇ ಹೇಳಿದ್ದು. ಶಹಾಬಾದದಾಗ ಒಬ್ಬಾತ ಎದಿ ನೋವು ಅಂತ ಗೊತ್ತಾಗದೇ ಸೋಡಾ ಕುಡಿದು ಮಲಗಿದ್ದನಂತ. ಚಿಂಚೋಳಿ ಆಚೆ ಕಾಡಿನ ಕಡೆ ತಾಂಡಾದಿಂದ ಬ್ಯಾನಿ ತಿನ್ನೋ ಹೆಣ್ಣುಮಗಳನ್ನ ಹೊರಸಿನ ಮ್ಯಾಲ ಹೊತ್ತು ಡಾಂಬರು ರಸ್ತೆಗೆ ತಂದರಂತ. ಅಲ್ಲಿಯವರು ಅರ್ಧ ಮಾತು ತೆಲುಗಿನಾಗ ಆಡತಾರಂತ, ಈಕೆಗೂ ತಿಳೀತಂತ. ನಾನು ಜೋಳದಾಗಿನ ಹಳ್ಳು ಆರಿಸಿಕೋತ ಕುಂತೆ. ಕಿವಿ ಮಾತ್ರ ಆ ಕಡೆನೇ ಇತ್ತು. ಚಿಂಚೋಳಿ ನಾನು ನೋಡಿದ್ದಿಲ್ಲ.

ಪುಷ್ಯ ಮಾಸದ ಕಡೀಗೆ ಚಿತ್ತಾಪುರದಾಗ ನನಗೆ ಎರಡನೇ ಮೀಟಿಂಗ್. ಅಲ್ಲಿ ವೋಟು. ಎಲ್ಲಾ ಊರಿಂದ ಬಂದ ಪ್ರಶ್ನೆ ಕಾಗದದ ಮ್ಯಾಲ ಬರದು ಗ್ವಾಡಿಗೆ ಹಚ್ಚಿದ್ದರು. ಓದಲಿಕ್ಕೆ ಬಾರದವರಿಗೆ ಲಕ್ಷ್ಮಿ ಓದಿ ಹೇಳತಿದ್ದಳು. ಒಬ್ಬೊಬ್ಬರಿಗೆ ಐದೈದು ಗುಂಡನ್ನ ಚೀಟಿ ಕೊಡತಾರ, ಬೇಕಾದ ಪ್ರಶ್ನೆ ಮುಂದೆ ಅಂಟಿಸಬೇಕು. ಅವತ್ತು ಆ ಚೀಟಿ ಡಬ್ಬಿ ಕಲಬುರ್ಗಿಯಾಗೇ ಮರೆತು ಬಂದಿದ್ದರು. ಮೇಡಂ ಜೋಡಿ ಬಂದಿದ್ದ ಸಹಾಯಕ ಬಳೆ ಅಂಗಡಿಗೆ ಹೋಗಿ ಟಿಕಳಿ ಪಾಕೀಟು ತಂದ. ಕೆಂಪು ಟಿಕಳಿ, ಹಣಿಗೆ ಹಚ್ಚೋದು. ಅವನಿಗೆ ಗುಂಡಗ ಇದ್ದರ ಸಾಕು, ಅಂಟಿದರ ಸಾಕು.

ಹಂಚಿಕೋತ ನನ್ನ ಬಲ್ಲಿ ಬಂದ. ನನ್ನ ಹಣಿ ಮ್ಯಾಲ ವಿಭೂತಿ ಬಿಟ್ಟು ಏನೂ ಇಲ್ಲ ಅನ್ನೋದು ಅವನಿಗೆ ಕಾಣಲಿಲ್ಲ, ಉಳಿದವರಿಗೆಲ್ಲಾ ಕಂಡಿತು. ಸುಗಲಮ್ಮ ಕೈ ನಡುವ ಚಾಚಿದಳು.

“ನಮ್ಮಕ್ಕಗ ಕೊಡಬ್ಯಾಡ್ರಿ. ಆಕಿ ಟಿಕಳಿ ಮುಟ್ಟಂಗಿಲ್ಲ. ಆಕಿವು ಐದೂ ನಾನೇ ಹಚ್ಚತೀನಿ. ಅಕ್ಕ, ಯಾವುದಕ್ಕ ಹಚ್ಚಲಿ ಹೇಳು.”

ಮೇಡಂ ಓಡಿ ಬಂದಳು. ಮಾರಿ ಕೆಂಪಗಾಗಿತ್ತು. ತಪ್ಪಾಯ್ತು, ಪೆನ್ನಿನಿಂದ ಗುರುತು ಹಾಕೋಣ ಅಂದಳು.

ಸುಗಲಮ್ಮ ಕೆಟ್ಟದ್ದಕ್ಕ ಅಂದಿರಲಿಲ್ಲ. ಅದು ನನಗೂ ಗೊತ್ತಿತ್ತು. ಆದರ ನನ್ನ ಗಂಡನ ಸಾವು ಆಕೆನೇ ಹೇಳಿದಳು, ಇನ್ನ ನನ್ನ ವೋಟೂ ಆಕೆನೇ ಹಾಕಬೇಕೇನು?

“ಕೊಡು ಇಲ್ಲಿ” ಅಂದೆ. “ಇದು ನನ್ನ ಹಣಿಗಲ್ಲ, ಕಾಗದಕ್ಕ. ಕಾಗದದ ಗಂಡ ಇನ್ನೂ ಸತ್ತಿಲ್ಲ.”

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಒಬ್ಬಾಕಿ “ಶಿವಶಿವ” ಅಂದಳು. ನಾನು ಐದೂ ಟಿಕಳಿ ತಗೊಂಡು ಹೋಗಿ ಒಂದೊಂದೇ ಬಿಡಿಸಿ ನನ್ನ ಕೌದಿ ಪ್ರಶ್ನೆಗೇ ಹಚ್ಚಿದೆ. ನಾಲ್ಕು ವರ್ಷದ ಮ್ಯಾಲ ಟಿಕಳಿ ಮುಟ್ಟಿದ್ದೆ. ಬೆರಳಿಗೆ ಅಂಟಿಕೊಂಡು ಜಲ್ದಿ ಬಿಡಲಿಲ್ಲ.

ಎಲ್ಲಾ ಮುಗಿದ ಮ್ಯಾಲ ನೋಡಿದರ ನನ್ನ ಪ್ರಶ್ನೆಗೆ ಆರು ಟಿಕಳಿ. ಐದು ನನ್ನವು. ಆರನೇದು ಹಚ್ಚಿದಾಕಿ ಸುಗಲಮ್ಮ, ನಾನು ಕಣ್ಣಾರೆ ಕಂಡಿದ್ದೆ. ಆಕೆಯ ಪ್ರಶ್ನೆ ಬಲ್ಲಿ ಕಾಗದ ಕಾಣದಷ್ಟು ಕೆಂಪು. ನಾನು ಆಕೆಗೆ ಒಂದೂ ಹಚ್ಚಿರಲಿಲ್ಲ, ಆಕೆ ನನಗೊಂದು ಹಚ್ಚಿದ್ದಳು. ಭಿಕ್ಷಾ ಹಾಕಿದಂಗ ಅನಿಸಿತು. ಹೊಳ್ಳಿ ಬರುವಾಗ ಬಸ್ಸಿನಾಗ ಬ್ಯಾರೆ ಸೀಟಿನಾಗ ಕುಂತೆ.

ಸೇಡಂ ಮೀಟಿಂಗ್ ಶಿವರಾತ್ರಿ ಮುಂದೆ. ತೊಗರಿ ರಾಶಿ ಮುಗಿದಿತ್ತು, ಬಿಸಲು ಏರಲಿಕತ್ತಿತ್ತು. ಅಲ್ಲಿ ನಮ್ಮಂಥವರ ಜೋಡಿ ದೊಡ್ಡ ಡಾಕ್ಟರ್ ಇದ್ದರು, ಅಂಬುಲೆನ್ಸ್ ಡ್ರೈವರ್ ಇದ್ದರು, ಗಾಡಿಯೊಳಗ ಕುಂತು ನೋಡಿಕೊಳ್ಳೋ ನರ್ಸ್ ಇದ್ದರು. ಎಲ್ಲರೂ ಸುತ್ತ ಒಂದೇ ನಮೂನಿ ಕುರ್ಚಿ ಮ್ಯಾಲ. ಉಳಿದ ಪ್ರಶ್ನೆ ಇಪ್ಪತ್ತು. ಅದರಾಗ ಹತ್ತು ಆರಿಸಿ, ಮೊದಲಿಂದ ಕಡೀ ತನಕ ಸಾಲಾಗಿ ಇಡಬೇಕು. ಅವತ್ತು ವೋಟಿಲ್ಲ, ಮಾತಾಡಿ ಒಪ್ಪಬೇಕು. ಕೌದಿ ಪ್ರಶ್ನೆ ಇಪ್ಪತ್ತರಾಗ ಇರಲೇ ಇಲ್ಲ. ಚಿತ್ತಾಪುರದಾಗೇ ಬಿದ್ದು ಹೋಗಿತ್ತು. ನನ್ನನ್ನ ಯಾಕ ಕರೆದರೋ, ಮೇಡಂ ಮರ್ಯಾದಿಗೆ ಕರೆದಿರಬೇಕು.

ಸುಗಲಮ್ಮನ ಪ್ರಶ್ನೆ ಬಂದಾಗ ಚಷ್ಮಾ ಹಾಕಿದ ಒಬ್ಬ ಹಿರೇ ಡಾಕ್ಟರ್ ಕೈ ಎತ್ತಿದರು. ಮಾತು ಮೆತ್ತಗಿತ್ತು.

“ಇದನ್ನ ತಗದುಬಿಡೋಣ. ಪ್ರಶ್ನೆ ಮುಖ್ಯ ಅದ, ಆದರ ಇದಕ್ಕ ಉತ್ತರ ಆಗಲೇ ಗೊತ್ತದ. ಅಂಬುಲೆನ್ಸ್‌ಗೆ ಹೇಳಿದ ಮ್ಯಾಲ ಇದ್ದ ಜಾಗದಾಗೇ ಕಾಯಬೇಕು. ಉತ್ತರ ಗೊತ್ತಿದ್ದ ಪ್ರಶ್ನೆಗೆ ಸಂಶೋಧನೆ ಬ್ಯಾಡ, ಜನರಿಗೆ ತಿಳಿಸಿ ಹೇಳೋದು ಬೇಕು. ತಿಳುವಳಿಕೆ ಇಲ್ಲದವರು ಗಾಬರಿಯಾಗಿ ಹೊಂಡತಾರ, ಅಷ್ಟೇ.”

ಹೌದೌದು ಅಂತ ನಾಲ್ಕು ಮಂದಿ ತಲೆ ಆಡಿಸಿದರು. ಮೇಡಂ ಸುಗಲಮ್ಮನ ಕಡೆ ನೋಡಿದಳು. ಸುಗಲಮ್ಮ ಸೆರಗಿನ ತುದಿ ನೋಡಕೋತ ಕುಂತಿದ್ದಳು. ಮೇಡಂ ಕೆಂಪು ಪೆನ್ನು ತಗೊಂಡು ಆ ಪ್ರಶ್ನೆ ಮ್ಯಾಲ ಗೆರಿ ಎಳೆಯಲಿಕ್ಕೆ ಎದ್ದಳು.

ನನಗೆ ಸಂತೋಷ ಆಯ್ತು. ಸುಳ್ಳು ಯಾಕ ಬರೀಲಿ. ಹಸಿರು ಸೀರಿ, ಜೀಪು, ನಡುವ ನಿಂತ ಫೋಟೊ, ಎಲ್ಲಾ ಒಂದು ಕೆಂಪು ಗೆರಿಗೆ ಹೋಯ್ತು ಅಂದುಕೊಂಡೆ.

ಆಗ ಸುಗಲಮ್ಮ ಸಣ್ಣ ದನಿಯಾಗ ಅಂದಳು: “ಹೌದ್ರಿ ಸಾಹೇಬ್ರ. ಅವತ್ತು ನಮ್ಮಕ್ಕ ಗಾಬರಿಯಾಗಿದ್ದಳು. ಆಕಿಗೆ ತಿಳೀಲಿಲ್ರಿ. ಆಕಿದೇನೂ ತಪ್ಪಿಲ್ಲ.”

ಹಾಲ್‌ದಾಗ ಇದ್ದವರೆಲ್ಲಾ 'ಅಕ್ಕ' ಯಾರು ಅಂತ ಹೊಳ್ಳಿ ನನ್ನ ಕಡೆ ನೋಡಿದರು. ಒಬ್ಬಾಕಿ ನರ್ಸ್ ಅಯ್ಯೋ ಅನ್ನಂಗ ಮಾರಿ ಮಾಡಿದಳು. ಆ ಮಾರಿ ನೋಡಿ ನಾನು ಎದ್ದು ನಿಂತೆ. ಒಳ್ಳೇತನಕ್ಕ ಎದ್ದೆ ಅಂತ ಯಾರೂ ತಿಳಕೊಬ್ಯಾಡ್ರಿ. ಪ್ರಶ್ನೆ ಉಳಿಸಲಿಕ್ಕೆ ಎದ್ದದ್ದಲ್ಲ. ಸುಗಲಮ್ಮ ನನ್ನನ್ನ ಮಾಫ್ ಮಾಡೋದನ್ನ ಸೇಡಂ ಮಂದಿ ಮುಂದೆ ಕುಂತು ನೋಡಲಿಕ್ಕೆ ನನ್ನ ಕೈಲಿ ಆಗಲಿಲ್ಲ.

“ನಾ ಗಾಬರಿ ಆಗಿರಲಿಲ್ರಿ” ಅಂದೆ. “ನೋಡಿಕೊಂಡೇ ಹೊಂಟೆ. ಎತ್ತಲಿಕ್ಕೆ ಹತ್ತು ಮಂದಿ ಇದ್ದರು. ಟಂಟಂ ನಿಂತಿತ್ತು. ಅದರ ಹಿಂದಿನ ಬ್ಯಾಸಿಗ್ಯಾಗ ನಮ್ಮ ಖಣಿಯಾಗೇ ಒಬ್ಬಾತ ಬಿದ್ದಿದ್ದ, ಅವಂದು ಟಂಟಂದಾಗೇ ಹೋಗಿ ಜೀವ ಉಳಿದಿತ್ತು. ಅದನ್ನ ಕಂಡಿದ್ದೆ. ನೀವು ಕಾಯ್ರಿ ಅಂತೀರಿ. ಕಾಯ್ದು ಉಳಿದವರನ್ನ ನಾ ಕಂಡಿಲ್ಲ.”

ಚಷ್ಮಾದ ಡಾಕ್ಟರ್, “ಅಮ್ಮ, ನಿಮ್ಮ ತಪ್ಪು ಅಂತ ನಾ ಅನ್ನಲಿಲ್ಲ” ಅಂದರು.

“ತಪ್ಪು ಅಂದರೂ ನಡೀತದ್ರಿ. ಗಾಬರಿ ಅನಬ್ಯಾಡ್ರಿ. ಇನ್ನೊಂದು ಕೇಳ್ರಿ. ರೈಲ್ವೆ ಗೇಟ್ ಬಿದ್ದಿತ್ತು. ಈಚೆ ನಮ್ಮ ಟಂಟಂ, ಆಚೆ ನಿಮ್ಮ ಗಾಡಿ. ನಡುವ ಕಲ್ಲಿದ್ದಲು. ನಾ ಆ ಗಾಡಿ ನೋಡಿದೆ. ಗೇಟ್ ಎದ್ದ ಮ್ಯಾಲ ನಾವು ಬಾಜೂಕ ಸರಿದು ಅದಕ್ಕ ದಾರಿ ಬಿಟ್ಟೆವು. ನಾ ಕೈ ಮುಗಿದೆ. ನನ್ನ ಗಂಡ ನನ್ನ ತೊಡಿ ಮ್ಯಾಲ ಇದ್ದ, ಅವನಿಗೆ ಅಂತ ಬಂದ ಗಾಡಿಗೆ ನಾ ಕೈ ಮುಗಿದು ಕಳಿಸಿದೆ. ಹೊಂಡಬಾರದು, ಖರೆ. ಹೊಂಟವರು ಏನು ಮಾಡಬೇಕು? ಎದುರಿಗೆ ಬಂದದ್ದು ನಮ್ಮ ಗಾಡಿ ಅಂತ ನಮಗ ಹೆಂಗ ತಿಳೀಬೇಕು? ಎದುರಿಗೆ ನಿಂತವರು ನಮ್ಮ ಮಂದಿ ಅಂತ ಗಾಡಿಯವರಿಗೆ ಹೆಂಗ ತಿಳೀಬೇಕು? ಇದಕ್ಕೂ ಉತ್ತರ ಗೊತ್ತದೇನ್ರಿ?”

ನಾನು ಸುಗಲಮ್ಮನ ಕಡೆ ನೋಡಲಿಲ್ಲ.

ಆ ಕಡೆ ಕುರ್ಚಿಯಿಂದ ಒಬ್ಬ ಅಂಬುಲೆನ್ಸ್ ಡ್ರೈವರ್ ಎದ್ದ. ಕಾಳಗಿ ಕಡೆಯವನು, ದಪ್ಪ ಮೀಸಿ.

“ಗೊತ್ತಿಲ್ರಿ ಆಯಿ” ಅಂದ. “ನಾ ಸೈರನ್ ಹಾಕಿಕೊಂಡು ಹೊಂಟರ ಜೀಪು, ಟಂಟಂ, ಟ್ರ್ಯಾಕ್ಟರ್ ಎಲ್ಲಾ ಬಾಜೂಕ ನಿಲ್ಲತಾವ. ನಾ ಅವರಿಗೆ ಕೈ ಮಾಡಿ ಹೋಗತೀನಿ. ಒಳಗ ಯಾರಿದ್ದಾರ ಅಂತ ನೋಡಂಗಿಲ್ಲ. ಖಾಲಿ ಜಾಗಕ್ಕ ಹೋಗಿ ನಿಂತದ್ದು ಭಾಳ ಸಲ ಅದ. ಅದರಾಗ ಎಷ್ಟು ಮಂದಿ ನನಗೇ ದಾರಿ ಬಿಟ್ಟಿದ್ದರೋ.”

ಹೇಳಿ ಕುಂತ. ಚಷ್ಮಾದ ಡಾಕ್ಟರ್ ಚಷ್ಮಾ ತಗದು ಒರೆಸಿಕೊಂಡರು. “ಇಲ್ಲ, ಇದಕ್ಕ ಉತ್ತರ ಇಲ್ಲ. ನಾನು ಅಂದದ್ದು ಹಿಂದಕ್ಕ ತಗೋತೀನಿ” ಅಂದರು.

ಮುಂದೆ ಮಾತು ಬೆಳೀತು. ಮೇಡಂ ಕಾಗದದ ಮ್ಯಾಲ ಹೊಸದಾಗಿ ಬರದಳು. ಅಂಬುಲೆನ್ಸ್‌ಗೆ ಹೇಳಿದ ಮ್ಯಾಲ ಮಂದಿ ಬ್ಯಾರೆ ಗಾಡಿಯಾಗ ಹೊಂಟಿದ್ದರ, ಎರಡೂ ಗಾಡಿ ಹಾದಿಯಾಗ ಒಂದನ್ನೊಂದು ಹೆಂಗ ಹಿಡೀಬೇಕು? ಸಂಜಿ ಚಾ ಹೊತ್ತಿಗೆ ಹತ್ತರ ಸಾಲು ಮುಗೀತು. ಈ ಪ್ರಶ್ನೆ ನಾಲ್ಕನೇದು. ಸಾಲು ಓದುವಾಗ ಮೇಡಂ, “ನಾಲ್ಕನೇದು, ನಮ್ಮ ಸುಗಲಮ್ಮನವರ ಪ್ರಶ್ನೆ” ಅಂದಳು. ಚಪ್ಪಾಳಿ ಬಿತ್ತು. ನನ್ನ ಅರ್ಧ ಹಾಕಿ ಕೊಟ್ಟರೂ ಹೆಸರು ಆಕಿದೇ ಉಳೀತು. ನಾನೂ ಚಪ್ಪಾಳಿ ಬಡಿದೆ. ಎರಡು ಸಲ, ಸಪ್ಪಳ ಆಗದಂಗ.

ಬರುವಾಗ ಅವರ ಜೀಪಿನಾಗೇ ಕಳಿಸಿದರು. ಹಿಂದಿನ ಸೀಟಿನಾಗ ನಾವಿಬ್ಬರೇ, ಎದುರಾ ಬದುರ. ಸುಗಲಮ್ಮ ಕಿಡಕಿ ಕಡೆ ಮಾರಿ ಮಾಡಿ ಕುಂತಳು. ನಾನು ಈ ಕಡೆ. ಚಿತ್ತಾಪುರ ದಾಟಿದ ಮ್ಯಾಲ ಆಕೆ ಬಾಯಿ ಬಿಟ್ಟಳು.

“ನಾಲ್ಕು ವರ್ಷ ಆಯ್ತು. ಒಂದೇ ಕಟ್ಟಿ ಮ್ಯಾಲ ಕುಂತು ಜೋಳ ಹಸನ ಮಾಡೀವಿ. ನನಗ ಹೇಳಲಿಲ್ಲ.”

ನಾನು ತಲೆ ಮ್ಯಾಲ ಸೆರಗು ಎಳಕೊಂಡೆ.

“ಗುರುತಿಲ್ಲದ ಮಂದಿಗೆ ಹೇಳ್ದಿ. ಕುರ್ಚಿ ಮ್ಯಾಲ ಕುಂತವರಿಗೆ. ನಾನೂ ಅವರ ಜೋಡಿ ಕುಂತು ಕೇಳಬೇಕಾಯ್ತು. ಮೀಸಿ ಡ್ರೈವರ್‌ಗೂ ನನಗೂ ಒಮ್ಮೆಲೆ ಗೊತ್ತಾಯ್ತು.”

“ನೀ ವಾಡಿಯಾಗ ನನ್ನನ್ನ ಕೇಳಿ ಹೇಳಿದಿಯೇನು?” ಅಂದೆ. “ಅವನು ನನ್ನ ಗಂಡ. ನೀ ಅಳತಿದ್ದಿ, ಮಂದಿ ನಿನ್ನ ಮಾರಿ ನೋಡತಿದ್ದರು.”

“ನಿನಗ ಅದು ಹೊಟ್ಟೆಕಿಚ್ಚೇನು ಅಕ್ಕ?” ಅಂತ ಹೊಳ್ಳಿ ನೋಡಿದಳು. “ಅಳೋದಕ್ಕೂ?”

“ಹೂಂ” ಅಂದೆ.

ಆಕೆ ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. “ನನಗೂ ಇತ್ತು” ಅಂದಳು. “ಟಂಟಂದಾಗ ಭಾವನ ಜೋಡಿ ನೀ ಇದ್ದಿ. ನಾ ಖಾಲಿ ಹಾಸಿಗಿ ಜೋಡಿ ಇದ್ದೆ.”

ಊರು ಬಂತು. ಇಳಿದು ಆಕೆ ಆಕೆಯ ಬಾಗಿಲು ಹಾಕಿಕೊಂಡಳು, ನಾನು ನನ್ನದು.

ಮರುದಿನ ಮುಂಜಾನೆ ಎದ್ದು ಮಾರಿ ತೊಳಕೊಂಡು, ವಿಭೂತಿ ಹಚ್ಚಿಕೊಂಡು ಹೋಗಿ ಆಕೆಯ ಕಟ್ಟಿ ಮ್ಯಾಲ ಕುಂತೆ. ಸುಗಲಮ್ಮ ಅಂಗಳ ಕಸ ಹೊಡೀತಿದ್ದಳು. ನನ್ನ ಬಲ್ಲಿ ಬಂದು, “ಕಾಲು ತಗಿ” ಅಂದಳು. ತಗದೆ. ನನ್ನ ಕಾಲ ಕೆಳಗಿನ ಕಸ ಹೊಡಕೊಂಡು ಮುಂದೆ ಹೋದಳು. ನಾನು ಟಂಟಂದಾಗ ಹಾಕಿದ್ದರಿಂದ ಸುರು ಮಾಡಿದೆ. ಮೊದಲಿಂದ, ಒಂದೂ ಬಿಡದೇ, ಆಕೆ ಒಬ್ಬಾಕಿಗೆ. ಆಕೆ ಕೇಳಿಸದಾಕಿಯಂಗ ಬಾರಿಗಿ ಆಡಿಸಿಕೋತ ಇದ್ದಳು. ಗೇಟಿನ ತನಕ ಬಂದಾಗ ಬಾರಿಗಿ ನಿಂತಿತು.

“ಭಾವ ಏನರ ಅಂದರೇನು ಅಲ್ಲಿ?” ಅಂದಳು.

ಐದು ಊರಿನ ಮಂದಿ, ಅಷ್ಟು ಡಾಕ್ಟರ್, ಒಬ್ಬರೂ ಅದನ್ನ ಕೇಳಿರಲಿಲ್ಲ. ಆ ಮಾತು ನಾನು ಯಾರಿಗೂ ಕೊಟ್ಟಿರಲಿಲ್ಲ.

“ಅಂದ” ಅಂದೆ. “'ಯಾಕ ನಿಂತೀವಿ?' ಅಂದ. 'ಗೇಟ್ ಬಿದ್ದದ' ಅಂದೆ. 'ಸುಗಲಾ ಎಲ್ಲಿ?' ಅಂದ. 'ಗಾಡಿ ಕಾಯಲಿಕತ್ತಾಳ' ಅಂದೆ. 'ಹಂಗಾದರ ಗಾಡಿ ಬರತದ ತಗೋ' ಅಂದ. ಆಮ್ಯಾಲ ಮಾತಾಡಲಿಲ್ಲ.”

ಸುಗಲಮ್ಮ ಬಾರಿಗಿ ಹಿಡಕೊಂಡೇ ಅಂಗಳದ ನಡುವ ಕುಂತಳು. ನಾನು ಎದ್ದು ಮನಿಗೆ ಬಂದು ರೊಟ್ಟಿ ಬಡಿದೆ.